ರಟ್ಟಿನ ಡಬ್ಬದ ಗುಟ್ಟು

ಅಟ್ಟದ ಮೇಲೆ ಟಿವಿಯದ್ದೋ ಮಿಕ್ಸಿಯದ್ದೋ ಒಂದು ಖಾಲಿ ಡಬ್ಬ ಇಲ್ಲದ ಮನೆ ನಮ್ಮಲ್ಲಿ ಅಪರೂಪ. "ಇರಲಿ ಬಿಡು, ಮನೆ ಖಾಲಿ ಮಾಡುವಾಗ ಬೇಕಾಗುತ್ತೆ" ಅಂತ ಅಮ್ಮಂದಿರು ಎತ್ತಿಟ್ಟಿರುತ್ತಾರೆ. ಈಗಂತೂ ಬಿಡಿ, ಆನ್‌ಲೈನಿನಲ್ಲಿ ಹಲ್ಲುಜ್ಜುವ ಬ್ರಶ್ಶು ತರಿಸಿದರೂ ಅದಕ್ಕೊಂದು ಡಬ್ಬ! ಅದನ್ನು ನಾವು ರಟ್ಟಿನ ಡಬ್ಬ ಅಂತೀವಿ, ಕಾರ್ಟನ್ ಅಂತೀವಿ, ಸುಮ್ಮನೆ ಬಾಕ್ಸ್ ಅಂತೀವಿ. ಅದನ್ನು ಮಾಡುವವರು ಮಾತ್ರ ಇದ್ಯಾವುದನ್ನೂ ಅನ್ನುವುದಿಲ್ಲ. ಅವರ ಬಾಯಲ್ಲಿ ಬರುವುದು ಪ್ಲೈ, ಫ್ಲೂಟ್, ಲೈನರ್, ಜಿಎಸ್ಎಮ್, ಬಿಎಫ್, ಡೆಕಲ್... ಹೀಗೆ ಬೇರೆಯದೇ ಭಾಷೆ.

ನನ್ನ ಕೆಲಸ ಸಾಫ್ಟ್‌ವೇರ್. ಡಬ್ಬಕ್ಕೂ ನನಗೂ ವೃತ್ತಿಯ ಸಂಬಂಧ ಏನೂ ಇಲ್ಲ. ಆದರೆ ನನ್ನ ಚಿಕ್ಕಪ್ಪ ಪೀಣ್ಯದಲ್ಲಿ ಒಂದು ಸಣ್ಣ ಡಬ್ಬದ ಯೂನಿಟ್ ನಡೆಸುತ್ತಿದ್ದರು. ಹಾಗಾಗಿ ಈ ಪದಗಳು ನನ್ನ ಕಿವಿಗೆ ಚಿಕ್ಕಂದಿನಿಂದ ಬಿದ್ದಿವೆ. ಇವೆಲ್ಲ ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದಾಗ ನನಗೆ ಒಂದು ವಿಷಯ ಆಶ್ಚರ್ಯ ತಂದಿತು. ಇವುಗಳಲ್ಲಿ ಮುಖ್ಯವಾದ ಪದಗಳು ಯಾವುದೋ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಜಗಳದಲ್ಲಿ ಹುಟ್ಟಿದ್ದು. ಸಾಮಾನು ಒಡೆದರೆ ದುಡ್ಡು ಯಾರು ಕೊಡಬೇಕು ಅನ್ನುವ ಜಗಳ!

ಆ ಕಥೆಯನ್ನು ಇಲ್ಲಿ ಹೇಳೋಣ ಅಂತ.

ಟೋಪಿಯಿಂದ ಶುರು

ಇಂಗ್ಲಿಷಿನ ಕಾರುಗೇಟೆಡ್ ಅನ್ನುವ ಪದದ ಬೇರು ಲ್ಯಾಟಿನ್ನಿನ 'ರೂಗಾ'. ಅಂದರೆ ಸುಕ್ಕು. ಆದರೆ ಕನ್ನಡದಲ್ಲಿ ಇದಕ್ಕೆ ಸುಕ್ಕಿಗಿಂತ ಚೆಂದದ ಪದ ಇದೆ: ನೆರಿಗೆ. ಸುಕ್ಕು ತಾನಾಗಿ ಬೀಳುತ್ತದೆ, ನೆರಿಗೆ ನಾವು ಬೇಕೆಂದು ಹಾಕುವಂಥದ್ದು. ಸೀರೆಯ ನೆರಿಗೆಯ ಹಾಗೆ. ಡಬ್ಬದ ಗಟ್ಟಿತನ ಇರುವುದು ಈ ನೆರಿಗೆಯಲ್ಲೇ.

ನೆರಿಗೆ ಹಾಕಿದರೆ ತೆಳ್ಳಗಿನ ವಸ್ತುವೂ ಗಟ್ಟಿಯಾಗುತ್ತದೆ ಅನ್ನುವುದು ಕಾಗದಕ್ಕಿಂತ ಮೊದಲು ಕಬ್ಬಿಣದಲ್ಲಿ ಗೊತ್ತಾಗಿತ್ತು. ಹೆನ್ರಿ ರಾಬಿನ್ಸನ್ ಪಾಮರ್ ಅನ್ನುವ ಎಂಜಿನಿಯರ್ 1829ರಲ್ಲಿ ಲಂಡನ್ನಿನಲ್ಲಿ ಅಲೆಅಲೆಯಾದ ಕಬ್ಬಿಣದ ತಗಡಿಗೆ ಪೇಟೆಂಟ್ ತೆಗೆದುಕೊಂಡ. ನಮ್ಮೂರುಗಳ ದನದ ಕೊಟ್ಟಿಗೆ, ಬಸ್ ಸ್ಟಾಪು, ಶೆಡ್ಡುಗಳ ಮೇಲೆ ಇರುವ ಜಿಂಕ್ ಶೀಟು ಅದರದೇ ಸಂತಾನ.

ಕಾಗದದ ಸರದಿ ಬಂದಿದ್ದು 1856ರಲ್ಲಿ. ಎಡ್ವರ್ಡ್ ಹೀಲಿ ಮತ್ತು ಎಡ್ವರ್ಡ್ ಅಲೆನ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ ನೆರಿಗೆ ಕಾಗದಕ್ಕೆ ಪೇಟೆಂಟ್ ಪಡೆದರು. ಯಾತಕ್ಕೆ ಗೊತ್ತಾ? ಆಗಿನ ಗಂಡಸರು ಹಾಕುತ್ತಿದ್ದ ಉದ್ದನೆಯ ಟೋಪಿಯ ಒಳಪಟ್ಟಿಗೆ! ಡಬ್ಬದ ಯೋಚನೆ ಆಗ ಯಾರಿಗೂ ಇರಲಿಲ್ಲ.

ಸಾಮಾನು ಸುತ್ತುವುದಕ್ಕೆ ಇದನ್ನು ಬಳಸಿದ್ದು ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್. ವರ್ಷ 1871. ಬಾಟಲಿ ಮತ್ತು ಲಾಟೀನಿನ ಗಾಜು ಒಡೆಯದ ಹಾಗೆ ಸುತ್ತಲು ನೆರಿಗೆ ಕಾಗದ. ಒಳ್ಳೆಯ ಉಪಾಯವೇ, ಆದರೆ ಒಂದು ತೊಂದರೆ ಇತ್ತು. ಬರೀ ನೆರಿಗೆ ಕಾಗದವನ್ನು ಎರಡು ಕಡೆಯಿಂದ ಎಳೆದರೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಬಿಚ್ಚಿಕೊಂಡು ಸಪಾಟಾಗಿಬಿಡುತ್ತದೆ. 1874ರಲ್ಲಿ ಆಲಿವರ್ ಲಾಂಗ್ ಅನ್ನುವವನು ನೆರಿಗೆ ಕಾಗದಕ್ಕೆ ಸಪಾಟು ಕಾಗದ ಅಂಟಿಸಿದ. ನೆರಿಗೆ ಕದಲದೆ ನಿಂತಿತು.

ಇಲ್ಲಿಂದ ನಮ್ಮ ಮೊದಲ ಎರಡು ಪದ ಸಿಗುತ್ತವೆ. ಹೊರಗೆ ಕಾಣುವ ಸಪಾಟು ಕಾಗದ ಲೈನರ್. ನಡುವಿನ ನೆರಿಗೆ ಕಾಗದ ಮೀಡಿಯಮ್. ಮೀಡಿಯಮ್ಮಿನಲ್ಲಿ ಬೀಳುವ ಒಂದೊಂದು ಅಲೆ ಒಂದು ಫ್ಲೂಟ್. ಇದು ಕೊಳಲು ಅನ್ನುವ ಅರ್ಥದ ಫ್ಲೂಟ್ ಅಲ್ಲ, ಗ್ರೀಕ್ ಕಂಬಗಳ ಮೇಲೆ ಉದ್ದಕ್ಕೆ ಕೊರೆದಿರುವ ಗೀರುಗಳಿಗೆ ಹೇಳುವ ಫ್ಲೂಟ್.

ಎಂಜಿನಿಯರಿಂಗ್ ಓದಿದವರಿಗೆ ಇದರ ಬಲ ಎಲ್ಲಿಂದ ಬರುತ್ತದೆ ಅಂತ ತಕ್ಷಣ ಹೊಳೆಯುತ್ತದೆ. ಕಟ್ಟಡಕ್ಕೆ ಹಾಕುವ ಐ-ಬೀಮ್ ನೆನಪಿಸಿಕೊಳ್ಳಿ. ವಸ್ತುವನ್ನು ನಡುವಿನಿಂದ ದೂರಕ್ಕೆ, ಮೇಲಕ್ಕೂ ಕೆಳಕ್ಕೂ ತಳ್ಳಿದರೆ ಅಷ್ಟೇ ವಸ್ತುವಿನಲ್ಲಿ ಹೆಚ್ಚು ಬಿಗಿ. ಲೈನರುಗಳು ಬೀಮಿನ ಮೇಲಿನ ಕೆಳಗಿನ ಪಟ್ಟಿಗಳ ಹಾಗೆ, ನೆರಿಗೆ ಅವನ್ನು ದೂರ ಹಿಡಿದಿಟ್ಟಿರುವ ನಡುಗೋಡೆಯ ಹಾಗೆ.

ಮುದ್ರಕನ ಕೈತಪ್ಪು

ರಟ್ಟು ಬಂತು, ಆದರೆ ಡಬ್ಬ? ಅದಕ್ಕೆ ರಾಬರ್ಟ್ ಗೇರ್ ಬರಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು, ಬ್ರೂಕ್ಲಿನ್ನಿನಲ್ಲಿ ಮುದ್ರಣದ ಮತ್ತು ಕಾಗದದ ಚೀಲದ ಉದ್ಯಮ. 1870ರ ದಶಕದ ಕೊನೆಯಲ್ಲಿ ಬೀಜದ ಚೀಲ ಮುದ್ರಿಸುತ್ತಿದ್ದಾಗ ಯಂತ್ರದಲ್ಲಿ ಮಡಿಕೆಯ ಗೆರೆ ಒತ್ತಬೇಕಾದ ಲೋಹದ ಪಟ್ಟಿ ಜರುಗಿ, ಗೆರೆ ಒತ್ತುವ ಬದಲು ಚೀಲಗಳನ್ನು ಕತ್ತರಿಸಿ ಹಾಕಿತಂತೆ. ಬೇರೆಯವರಾಗಿದ್ದರೆ ಕೆಲಸದವನಿಗೆ ಬೈದು ಸುಮ್ಮನಾಗುತ್ತಿದ್ದರೇನೋ. ಗೇರ್ ಯೋಚಿಸಿದ್ದು ಬೇರೆ: ಒಂದೇ ಒತ್ತಿನಲ್ಲಿ ಕತ್ತರಿಸುವುದೂ ಆಗಬೇಕು, ಮಡಿಕೆಯ ಗೆರೆ ಹಾಕುವುದೂ ಆಗಬೇಕು. ಹಾಗೆ ಆದರೆ ಮಡಿಚಿದರೆ ಸಾಕು ಪೆಟ್ಟಿಗೆ ಸಿದ್ಧ!

ಅವನು ಮಾಡಿದ್ದು ತೆಳು ರಟ್ಟಿನ ಪೆಟ್ಟಿಗೆ. 20ನೇ ಶತಮಾನದ ಆರಂಭಕ್ಕೆ ಅದೇ ಉಪಾಯ ನೆರಿಗೆ ರಟ್ಟಿಗೂ ಬಂತು. ಅವನ ಕಾರ್ಖಾನೆಗಳು ಎಷ್ಟು ಬೆಳೆದವು ಅಂದರೆ ಬ್ರೂಕ್ಲಿನ್ನಿನ ಆ ಭಾಗಕ್ಕೆ ಜನ ಗೇರ್‌ವಿಲ್ ಅಂತಲೇ ಕರೆಯುತ್ತಿದ್ದರು. ಇಂದಿಗೂ ಪೀಣ್ಯದಲ್ಲಿ ಕೇಳುವ ಸ್ಲಾಟಿಂಗ್ (ಫ್ಲಾಪ್‌ಗಳ ನಡುವೆ ಸೀಳುವುದು), ಕ್ರೀಸಿಂಗ್ (ಮಡಿಕೆಯ ಗೆರೆ ಹಾಕುವುದು), ಪಂಚಿಂಗ್ (ಅಚ್ಚಿನಿಂದ ಬೇಕಾದ ಆಕಾರಕ್ಕೆ ಕತ್ತರಿಸುವುದು) ಇವೆಲ್ಲಾ ಆ ಒಂದು ಯೋಚನೆಯ ಮಕ್ಕಳು ಮೊಮ್ಮಕ್ಕಳು.

ಮಡಿಚದೆ ಸಪಾಟಾಗಿ ಕಟ್ಟುಕಟ್ಟಾಗಿ ಸಾಗಿಸಬಹುದು ಅನ್ನುವುದೇ ಇದರ ದೊಡ್ಡ ಗೆಲುವು. ಮರದ ಪೆಟ್ಟಿಗೆ ಖಾಲಿ ಇದ್ದರೂ ಅಷ್ಟೇ ಜಾಗ ತಿನ್ನುತ್ತದೆ. ರಟ್ಟಿನದ್ದು ಹಾಗಲ್ಲ.

ರೈಲಿನವರ ಜಗಳ

ಈಗ ಅಸಲು ಕಥೆ. 1900ರ ಸುಮಾರಿಗೆ ಅಮೆರಿಕದಲ್ಲಿ ಸಾಮಾನು ಸಾಗುತ್ತಿದ್ದದ್ದು ರೈಲಿನಲ್ಲಿ, ಮರದ ಪೆಟ್ಟಿಗೆಗಳಲ್ಲಿ. ಸಾಗಣೆಯಲ್ಲಿ ಸಾಮಾನು ಹಾಳಾದರೆ ಪರಿಹಾರ ಕೊಡಬೇಕಾದವರು ರೈಲು ಕಂಪನಿಗಳು. ಅಂಥದ್ದರಲ್ಲಿ ಯಾರೋ ಬಂದು "ಇದು ಕಾಗದದ ಪೆಟ್ಟಿಗೆ, ಇದರಲ್ಲಿ ಹಾಕಿ ಕಳಿಸ್ತೀವಿ" ಅಂದರೆ ರೈಲಿನವರು ಒಪ್ಪುತ್ತಾರಾ? ಅಷ್ಟೇ ಅಲ್ಲ, ಮರ ಸಾಗಿಸುವುದರಿಂದ ರೈಲಿಗೆ ಒಳ್ಳೆಯ ಆದಾಯವಿತ್ತು. ಮರದ ಪೆಟ್ಟಿಗೆ ಮಾಡುವವರೂ ಸುಮ್ಮನೆ ಕೂತಿರಲಿಲ್ಲ. ಪಶ್ಚಿಮದ ರೈಲು ಕಂಪನಿಗಳು ಕಾಗದದ ಪೆಟ್ಟಿಗೆಯಲ್ಲಿ ಬಂದ ಸಾಮಾನಿಗೆ ಹೆಚ್ಚಿನ ದರ ಹಾಕುತ್ತಿದ್ದವು.

ಲಾಸ್ ಏಂಜಲೀಸಿನ ಪ್ರಿಡ್ಹಮ್ ಅನ್ನುವ ಪೆಟ್ಟಿಗೆ ಕಂಪನಿ ಇದರ ವಿರುದ್ಧ ದೂರು ಕೊಟ್ಟಿತು. ವಿಚಾರಣೆ ಮಾಡಿದ್ದು ಅಂತರರಾಜ್ಯ ವಾಣಿಜ್ಯ ಆಯೋಗ. 1914ರಲ್ಲಿ ತೀರ್ಪು ಬಂತು: ಕಾಗದದ ಪೆಟ್ಟಿಗೆ ಅನ್ನುವ ಕಾರಣಕ್ಕೆ ತಾರತಮ್ಯ ಮಾಡುವ ಹಾಗಿಲ್ಲ. ನೆರಿಗೆ ರಟ್ಟಿನ ಇತಿಹಾಸದಲ್ಲಿ ಪ್ರಿಡ್ಹಮ್ ತೀರ್ಪು ಅಂದರೆ ಒಂದು ಗಡಿಗಲ್ಲು. ಅಲ್ಲಿಂದ ಮುಂದೆ ಮರದ ಪೆಟ್ಟಿಗೆ ಹಿಂದೆ ಸರಿಯುತ್ತಾ ಹೋಯಿತು.

ಆದರೆ ರೈಲಿನವರೂ ಬುದ್ಧಿವಂತರೇ. ಸರಿ, ಕಾಗದದ್ದೇ ತನ್ನಿ, ಆದರೆ ಎಂಥಾ ಕಾಗದ ಅಂತ ನಾವು ಹೇಳ್ತೀವಿ ಅಂದರು. ಹಾಗೆ ರೂಪುಗೊಂಡದ್ದು ರೂಲ್ 41. ಮುಂದೆ ಲಾರಿಗಳು ಬಂದಾಗ ಲಾರಿಯವರೂ ಅದನ್ನೇ ಐಟಂ 222 ಅನ್ನುವ ಹೆಸರಿನಲ್ಲಿ ತಮ್ಮ ಪುಸ್ತಕಕ್ಕೆ ಹಾಕಿಕೊಂಡರು.

ಅಮೆರಿಕದಿಂದ ಬಂದ ಯಾವುದಾದರೂ ಡಬ್ಬ ಮನೆಯಲ್ಲಿದ್ದರೆ ತಿರುಗಿಸಿ ತಳದ ಫ್ಲಾಪ್ ನೋಡಿ. ಒಂದು ದುಂಡನೆಯ ಮೊಹರು ಇರಬಹುದು. ಅದೇ ಪೆಟ್ಟಿಗೆ ಮಾಡಿದವರ ಪ್ರಮಾಣಪತ್ರ. ತಯಾರಕರ ಹೆಸರು, ಒತ್ತಡದ ಪರೀಕ್ಷೆಯಲ್ಲಿ ಚದರ ಅಂಗುಲಕ್ಕೆ 200 ಪೌಂಡ್, ಲೈನರುಗಳ ಒಟ್ಟು ತೂಕ ಸಾವಿರ ಚದರ ಅಡಿಗೆ ಕನಿಷ್ಠ 84 ಪೌಂಡ್, ಉದ್ದ ಅಗಲ ಎತ್ತರ ಮೂರೂ ಸೇರಿ ಗರಿಷ್ಠ 75 ಅಂಗುಲ, ತುಂಬಿದ ತೂಕ ಗರಿಷ್ಠ 65 ಪೌಂಡ್... ಹೀಗೆ. ನೋಡಲು ಅಲಂಕಾರದ ಹಾಗಿದೆ, ನಿಜದಲ್ಲಿ ಅದು ಒಂದು ಕರಾರು. "ನಾವು ಹೇಳಿದ ಬಲದ ಡಬ್ಬ ಕೊಟ್ಟಿದ್ದೀವಿ, ಇನ್ನು ಒಡೆದರೆ ನಮ್ಮನ್ನು ಕೇಳಬೇಡಿ" ಅನ್ನುವ ಕರಾರು.

ಬಲವನ್ನು ಅಳೆಯುವ ಯಂತ್ರ ಆ ಹೊತ್ತಿಗೆ ಇದ್ದೇ ಇತ್ತು. 1887ರಲ್ಲಿ ಮೆಸಾಚುಸೆಟ್ಸಿನಲ್ಲಿ ಜಾನ್ ಮಲ್ಲೆನ್ ಮಾಡಿದ್ದು. ಕಾಗದವನ್ನು ಬಿಗಿಯಾಗಿ ಹಿಡಿದು ಕೆಳಗಿನಿಂದ ರಬ್ಬರ್ ಪೊರೆಯನ್ನು ದ್ರವದ ಒತ್ತಡದಿಂದ ಉಬ್ಬಿಸುತ್ತಾರೆ. ಬಲೂನಿನ ಹಾಗೆ ಉಬ್ಬಿ ಉಬ್ಬಿ ಕಾಗದ ಪಟ್ ಅಂತ ಹರಿಯುತ್ತದೆ. ಆ ಕ್ಷಣದ ಒತ್ತಡವೇ ಬರ್ಸ್ಟಿಂಗ್ ಸ್ಟ್ರೆಂತ್. ಇಂದಿಗೂ ಅದನ್ನು ಮಲ್ಲೆನ್ ಟೆಸ್ಟ್ ಅಂತಾರೆ.

ಆ 84 ಪೌಂಡ್ ಅನ್ನುವ ಸಂಖ್ಯೆ ನೋಡಿ. ಎರಡು ಲೈನರ್, ಒಂದೊಂದು 42 ಪೌಂಡ್. ನಿಯಮ ಹಾಗಿದ್ದರಿಂದ ಕಾಗದದ ಗಿರಣಿಗಳೂ 42 ಪೌಂಡಿನ ಲೈನರನ್ನೇ ಮಾಡತೊಡಗಿದವು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು 205 ಜಿಎಸ್ಎಮ್, ಅಂದರೆ ಒಂದು ಚದರ ಮೀಟರಿಗೆ 205 ಗ್ರಾಂ. ರೈಲಿನವರ ಪುಸ್ತಕದ ಒಂದು ಸಾಲು ಒಂದು ದೇಶದ ಗಿರಣಿಗಳು ಎಷ್ಟು ದಪ್ಪದ ಕಾಗದ ಮಾಡಬೇಕು ಅಂತ ತೀರ್ಮಾನಿಸಿತು!

ಹುಲ್ಲು, ಚೆಸ್ಟ್‌ನಟ್, ಕ್ರಾಫ್ಟ್, ಗಂಜಿ

ಮೊದಮೊದಲು ನೆರಿಗೆ ಕಾಗದ ಮಾಡುತ್ತಿದ್ದದ್ದು ಒಣಹುಲ್ಲಿನಿಂದ. ಅದಕ್ಕೆ ಸ್ಟ್ರಾ ಅಂತಲೇ ಹೆಸರು. 1920ರ ದಶಕದಲ್ಲಿ ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದವರು ಮರದ ಚಕ್ಕೆಯನ್ನು ಅರ್ಧ ರಾಸಾಯನಿಕದಿಂದ, ಅರ್ಧ ಅರೆಯುವುದರಿಂದ ತಿರುಳಾಗಿಸುವ ವಿಧಾನ ಕಂಡುಹಿಡಿದರು. ಅದಕ್ಕೆ ಸಿಕ್ಕ ಕಚ್ಚಾವಸ್ತು ಅಮೆರಿಕನ್ ಚೆಸ್ಟ್‌ನಟ್ ಮರ. ಚರ್ಮ ಹದಮಾಡಲು ಆ ಮರದಿಂದ ಟ್ಯಾನಿನ್ ತೆಗೆದ ಮೇಲೆ ಉಳಿಯುತ್ತಿದ್ದ ಚಕ್ಕೆಯನ್ನು ನೆರಿಗೆ ಕಾಗದಕ್ಕೆ ಬಳಸಿದರು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಒಂದು ಶಿಲೀಂಧ್ರ ರೋಗ ಆಗಲೇ ಆ ಮರಗಳನ್ನು ಕಾಡುಕಾಡೇ ಕೊಲ್ಲುತ್ತಿತ್ತು. ಒಂದು ಮರ ಅಳಿಯುವ ಹೊತ್ತಿಗೆ ಅದರ ಚಕ್ಕೆ ಡಬ್ಬದ ಹೊಟ್ಟೆ ಸೇರಿತು ಅಂತ ಓದಿದಾಗ ಮನಸ್ಸಿಗೆ ಒಂಥರಾ ಅನ್ನಿಸಿತು.

ಲೈನರಿನ ಕಥೆ ಬೇರೆ. ಕ್ರಾಫ್ಟ್ ಅನ್ನುವುದು ಕರಕುಶಲದ ಕ್ರಾಫ್ಟ್ ಅಲ್ಲ. ಜರ್ಮನ್ ಮತ್ತು ಸ್ವೀಡಿಶ್ ಭಾಷೆಯಲ್ಲಿ ಕ್ರಾಫ್ಟ್ ಅಂದರೆ ಬಲ, ಕಸುವು. ಕಾರ್ಲ್ ಡಾಲ್ ಅನ್ನುವ ರಸಾಯನಶಾಸ್ತ್ರಜ್ಞ 1879ರಲ್ಲಿ ಡಾನ್ಜಿಗ್‌ನಲ್ಲಿ (ಈಗ ಪೋಲೆಂಡಿನ ಗ್ಡಾನ್ಸ್ಕ್) ಕಂಡುಕೊಂಡ ವಿಧಾನದಲ್ಲಿ ಮರದ ನಾರು ಉದ್ದವಾಗಿ ಉಳಿದು ಕಾಗದ ಗಟ್ಟಿಯಾಗುತ್ತಿತ್ತು. ಆ ಕಂದು ಬಣ್ಣ ಬರುವುದು ಬಿಳಿಚಿಸದೆ ಬಿಟ್ಟದ್ದರಿಂದ.

ಅಂಟಿನ ವಿಷಯಕ್ಕೆ ಬಂದರೆ, ಮೊದಲು ಬಳಸುತ್ತಿದ್ದದ್ದು ಸೋಡಿಯಂ ಸಿಲಿಕೇಟ್. 1930ರ ದಶಕದಲ್ಲಿ ಸ್ಟೈನ್ ಹಾಲ್ ಕಂಪನಿಯ ಜೋರ್ಡನ್ ಬೌವರ್ ಪಿಷ್ಟದ ಅಂಟಿನ ವಿಧಾನ ತಂದರು. ಸರಳವಾಗಿ ಹೇಳಬೇಕೆಂದರೆ ಗಂಜಿ! ಸ್ವಲ್ಪ ಪಿಷ್ಟವನ್ನು ಕಾಸ್ಟಿಕ್ ಸೋಡಾ ಹಾಕಿ ಬೇಯಿಸಿಟ್ಟುಕೊಳ್ಳುವುದು, ಉಳಿದದ್ದನ್ನು ಬೇಯಿಸದೆ ಬೋರಾಕ್ಸ್ ಜೊತೆ ಅದರಲ್ಲಿ ಕಲಸುವುದು. ನೆರಿಗೆಯ ತುದಿಗೆ ಹಚ್ಚಿ ಬಿಸಿ ರೋಲರ್ ಮೇಲೆ ಹಾಯಿಸಿದರೆ ಹಸಿ ಪಿಷ್ಟ ಅಲ್ಲೇ ಬೆಂದು ಕಚ್ಚಿಕೊಳ್ಳುತ್ತದೆ. ಅನ್ನ ಬಸಿದ ಗಂಜಿಯಲ್ಲಿ ಕಾಟನ್ ಸೀರೆ ಅದ್ದುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ :) ನಮ್ಮಲ್ಲಿ ಈ ಅಂಟಿಗೆ ಮೆಕ್ಕೆಜೋಳದ ಪಿಷ್ಟ ಸಾಮಾನ್ಯ.

ಎ, ಬಿ, ಸಿ ಅನ್ನುವ ಗೊಂದಲ

ಪ್ರೋಗ್ರಾಮಿಂಗ್‌ನಲ್ಲಿ ಹೆಸರಿಡುವುದೇ ಅತಿ ಕಷ್ಟದ ಕೆಲಸ ಅಂತ ನಾವು ತಮಾಷೆ ಮಾಡಿಕೊಳ್ಳುತ್ತೇವೆ. ಡಬ್ಬದವರದ್ದೂ ಅದೇ ಪಾಡು. ನೆರಿಗೆಗಳಿಗೆ ಎ, ಬಿ, ಸಿ, ಇ, ಎಫ್ ಅಂತ ಹೆಸರು. ಎ ದೊಡ್ಡದು, ಬಿ ಅದಕ್ಕಿಂತ ಚಿಕ್ಕದು, ಸಿ ಇನ್ನೂ ಚಿಕ್ಕದು ಅಂದುಕೊಂಡಿರಾ? ಅಲ್ಲ! ಎ ಸುಮಾರು 5 ಮಿಲಿಮೀಟರ್ ದಪ್ಪ, ಬಿ ಸುಮಾರು 3, ಸಿ ಸುಮಾರು 4. ಅಕ್ಷರಗಳು ಹುಟ್ಟಿದ ಕ್ರಮವನ್ನು ಹೇಳುತ್ತವೆಯೇ ಹೊರತು ಗಾತ್ರವನ್ನಲ್ಲ. ಎ ಮೆತ್ತಗೆ, ಪೆಟ್ಟು ತಡೆಯುತ್ತದೆ. ಬಿ ಚಪ್ಪಟೆ ಒತ್ತಡಕ್ಕೆ ಗಟ್ಟಿ. ಎರಡರ ನಡುವಿನ ರಾಜಿಯಾಗಿ ಆಮೇಲೆ ಬಂದದ್ದು ಸಿ. ಸುಮಾರು 1.5 ಮಿಲಿಮೀಟರಿನ ಇ ನೆರಿಗೆ ಚೆನ್ನಾಗಿ ಮುದ್ರಣ ಬೇಕಾದ ಚಿಕ್ಕ ಡಬ್ಬಗಳಿಗೆ. ನೆರಿಗೆ ದೊಡ್ಡದಾದಷ್ಟೂ ಮುದ್ರಣದಲ್ಲಿ ಗೆರೆಗೆರೆ ಕಾಣುತ್ತದೆ, ಆ ದೋಷಕ್ಕೆ ವಾಶ್‌ಬೋರ್ಡಿಂಗ್ ಅಂತಾರೆ. ಹಿಂದೆ ಪಾಶ್ಚಾತ್ಯರು ಬಟ್ಟೆ ಉಜ್ಜುತ್ತಿದ್ದ ಗೀರು ಹಲಗೆಯ ಹೆಸರು ಅದು.

ಇನ್ನೊಂದು ಗೊಂದಲ ಪ್ಲೈ. ನಮ್ಮಲ್ಲಿ 3 ಪ್ಲೈ, 5 ಪ್ಲೈ, 7 ಪ್ಲೈ ಅಂತೀವಿ, ಅಂದರೆ ಒಟ್ಟು ಕಾಗದಗಳ ಲೆಕ್ಕ. ಅಮೆರಿಕದವರು ಅದನ್ನೇ ಸಿಂಗಲ್ ವಾಲ್, ಡಬಲ್ ವಾಲ್, ಟ್ರಿಪಲ್ ವಾಲ್ ಅಂತಾರೆ, ಅಂದರೆ ನೆರಿಗೆಗಳ ಲೆಕ್ಕ. ನಮ್ಮ ಐದು ಅವರ ಎರಡು. ಒಂದು ಕಡೆ ಮಾತ್ರ ಲೈನರ್ ಇದ್ದು ಸುರುಳಿ ಸುತ್ತಿ ಮಾರುವ ರಟ್ಟು ನಮಗೆ 2 ಪ್ಲೈ, ಅವರಿಗೆ ಸಿಂಗಲ್ ಫೇಸ್.

ಅಳತೆಯಲ್ಲೂ ಹಾಗೇ. ಡಬ್ಬದ ಅಳತೆ ಅಂದರೆ ಉದ್ದ, ಅಗಲ, ಎತ್ತರ, ಇದೇ ಕ್ರಮದಲ್ಲಿ. ಒಳಗಿನ ಅಳತೆಯೋ ಹೊರಗಿನ ಅಳತೆಯೋ ಅಂತ ಸ್ಪಷ್ಟವಾಗಿ ಹೇಳದಿದ್ದರೆ 5 ಪ್ಲೈನಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ. ಇಂಥ ಗೊಂದಲಕ್ಕೇ ಯುರೋಪಿನ ರಟ್ಟು ತಯಾರಕರ ಒಕ್ಕೂಟ ಫೆಫ್ಕೋ (1952ರಲ್ಲಿ ಶುರುವಾದದ್ದು) ಪ್ರತಿಯೊಂದು ಮಾದರಿಗೂ ಸಂಖ್ಯೆ ಕೊಟ್ಟಿದೆ. ನಾವೆಲ್ಲಾ ನೋಡುವ ಮಾಮೂಲಿ ಡಬ್ಬ, ಹೊರ ಫ್ಲಾಪ್‌ಗಳೆರಡೂ ನಡುವಿಗೆ ಬಂದು ಸೇರಿ ಮೇಲೆ ಟೇಪು ಹಚ್ಚುವುದು, ಅದು 0201. ಭಾಷೆ ಯಾವುದಾದರೇನು, 0201 ಅಂದರೆ ಸಾಕು. ಅಮೆರಿಕದಲ್ಲೂ ನಮ್ಮಲ್ಲೂ ಅದಕ್ಕೆ ಆರ್‌ಎಸ್‌ಸಿ ಅನ್ನುವ ಹೆಸರಿದೆ.

ಬಿಎಫ್ ಪಾಸ್, ಡಬ್ಬ ಫೇಲ್

ಭಾರತದಲ್ಲಿ ರಟ್ಟಿನ ವ್ಯಾಪಾರ ನಡೆಯುವುದು ಎರಡು ಅಂಕಿಗಳ ಮೇಲೆ. ಒಂದು ಜಿಎಸ್ಎಮ್, ಇನ್ನೊಂದು ಬಿಎಫ್, ಅಂದರೆ ಬರ್ಸ್ಟ್ ಫ್ಯಾಕ್ಟರ್. ಕಾಗದ ಎಷ್ಟು ಒತ್ತಡಕ್ಕೆ ಹರಿಯುತ್ತದೆ ಅನ್ನುವುದನ್ನು ಅದರ ತೂಕದಿಂದ ಭಾಗಿಸಿದ್ದು. 150 ಜಿಎಸ್ಎಮ್, 18 ಬಿಎಫ್ ಅಂದರೆ ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿ: ಚದರ ಸೆಂಟಿಮೀಟರಿಗೆ 2.7 ಕಿಲೋ. ಅಂಥ ಎರಡು ಲೈನರಿಗೆ 5.4. ನಡುವೆ 120 ಜಿಎಸ್ಎಮ್, 16 ಬಿಎಫ್ ನೆರಿಗೆ ಕಾಗದ 1.92, ಆದರೆ ನೆರಿಗೆಯನ್ನು ಅರ್ಧಕ್ಕೆ ಹಿಡಿಯುವುದು ವಾಡಿಕೆ, ಹಾಗಾಗಿ 0.96. ಒಟ್ಟು 6.36. ಚಿಕ್ಕಪ್ಪ ಇದನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು.

ನೆರಿಗೆಗೆ ಅರ್ಧ ಬೆಲೆ ಯಾಕೆ? ಬಲೂನಿನ ಹಾಗೆ ಉಬ್ಬಿಸಿ ಹರಿಯುವ ಪರೀಕ್ಷೆಯಲ್ಲಿ ತಡೆಯುವುದು ಮುಖ್ಯವಾಗಿ ಲೈನರ್. ನೆರಿಗೆಯ ಪಾಲು ಕಡಿಮೆ. ಆದರೆ ಡಬ್ಬದ ಮೇಲೆ ಡಬ್ಬ ಪೇರಿಸಿದಾಗ? ಆಗ ಭಾರ ಹೊರುವುದು ನಿಂತ ಗೋಡೆ, ಗೋಡೆಯನ್ನು ಬಾಗದಂತೆ ಹಿಡಿಯುವುದು ನೆರಿಗೆ. ಅದಕ್ಕೇ ನೆರಿಗೆಯನ್ನು ಯಾವಾಗಲೂ ಕಂಬದ ಹಾಗೆ ನಿಲ್ಲುವಂತೆ ಇಡುತ್ತಾರೆ. ಆ ಬಲವನ್ನು ಅಳೆಯುವುದು ಬೇರೆ ಪರೀಕ್ಷೆ: ರಟ್ಟಿನ ಒಂದು ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ ಜಜ್ಜುವುದು. ಹೆಸರು ಎಡ್ಜ್ ಕ್ರಶ್ ಟೆಸ್ಟ್, ಚಿಕ್ಕದಾಗಿ ಇಸಿಟಿ.

1963ರಲ್ಲಿ ವಿಸ್ಕಾನ್ಸಿನ್ನಿನ ಆಪಲ್ಟನ್ನಿನಲ್ಲಿದ್ದ ಕಾಗದ ರಸಾಯನ ಸಂಸ್ಥೆಯ ಮೆಕ್ಕೀ ಮತ್ತು ಜೊತೆಗಾರರು ಇದಕ್ಕೊಂದು ಸೂತ್ರ ಕೊಟ್ಟರು. ರಟ್ಟಿನ ದಪ್ಪವನ್ನು ಡಬ್ಬದ ಸುತ್ತಳತೆಯಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ಇಸಿಟಿಯಿಂದ ಗುಣಿಸಿ, 5.87ರಿಂದ ಗುಣಿಸಿ. ಇಸಿಟಿ ಅಂಗುಲಕ್ಕೆ 32 ಪೌಂಡ್, ದಪ್ಪ 0.16 ಅಂಗುಲ, ಸುತ್ತಳತೆ 56 ಅಂಗುಲ ಆದರೆ ಸುಮಾರು 560 ಪೌಂಡ್, ಅಂದರೆ ಸುಮಾರು 255 ಕಿಲೋ ಭಾರಕ್ಕೆ ಡಬ್ಬ ಕುಸಿಯುತ್ತದೆ. ಕಾಗದದ ಡಬ್ಬ ಮೂರು ನಾಲ್ಕು ಜನರನ್ನು ಹೊರುತ್ತದೆ ಅಂತಾಯಿತು! ಆದರೆ ಅದು ಒಣ ಪ್ರಯೋಗಾಲಯದಲ್ಲಿ, ಕೆಲವು ನಿಮಿಷಕ್ಕೆ. ತಿಂಗಳುಗಟ್ಟಲೆ ಭಾರ ಹೊತ್ತು ನಿಂತರೆ ಬಲ ಇಳಿಯುತ್ತದೆ. ಮಳೆಗಾಲದ ತೇವಕ್ಕೆ ಅರ್ಧದ ಹತ್ತಿರಕ್ಕೂ ಬರಬಹುದು.

ಇಷ್ಟೆಲ್ಲಾ ಆದರೂ ಅಮೆರಿಕದ ನಿಯಮದಲ್ಲಿ ಇಸಿಟಿಗೆ ಜಾಗ ಸಿಕ್ಕಿದ್ದು 1991ರಲ್ಲಿ. 200 ಪೌಂಡ್ ಬರ್ಸ್ಟ್ ಇಲ್ಲವೇ 32 ಇಸಿಟಿ, ಎರಡರಲ್ಲಿ ಒಂದು ಸಾಕು ಅಂತಾಯಿತು. ಕಾಲ ಬದಲಾಗಿತ್ತು. ಕೂಲಿಗಳು ಒಂದೊಂದೇ ಡಬ್ಬ ಎಸೆಯುತ್ತಿದ್ದ ರೈಲಿನ ಕಾಲದಲ್ಲಿ ಡಬ್ಬ ತೂತಾಗಬಾರದು ಅನ್ನುವುದು ಮುಖ್ಯ. ಪ್ಯಾಲೆಟ್ಟು, ಫೋರ್ಕ್‌ಲಿಫ್ಟು, ದೊಡ್ಡ ಗೋದಾಮು ಬಂದ ಮೇಲೆ ಡಬ್ಬ ಕುಸಿಯಬಾರದು ಅನ್ನುವುದು ಮುಖ್ಯ. ಪ್ರಶ್ನೆ ಬದಲಾಯಿತು, ಆದ್ದರಿಂದ ಪದ ಬದಲಾಯಿತು. 42 ಪೌಂಡಿನ ಬದಲು 35 ಪೌಂಡಿನ ಲೈನರ್ ಸಾಕಾಯಿತು, ಅಷ್ಟು ಕಾಗದವೂ ಉಳಿಯಿತು.

ಈ ಬದಲಾವಣೆ ಪೀಣ್ಯಕ್ಕೆ ಬಂದ ಬಗೆಯನ್ನು ನಾನು ಹತ್ತಿರದಿಂದ ನೋಡಿದೆ. 2019ರ ಮಳೆಗಾಲ, ನಾನಿನ್ನೂ ಎಂಜಿನಿಯರಿಂಗ್ ಓದುತ್ತಿದ್ದೆ. ಚಿಕ್ಕಪ್ಪ ಒಂದು ದೊಡ್ಡ ಕಂಪನಿಗೆ 5 ಪ್ಲೈ ಡಬ್ಬ ಕೊಡುತ್ತಿದ್ದರು. ಆರ್ಡರಿನಲ್ಲಿ ಬರೆದಿದ್ದದ್ದು ಅಳತೆ, ಜಿಎಸ್ಎಮ್, 18 ಬಿಎಫ್, ಅಷ್ಟೇ. ಆ ಕಂಪನಿಯವರು ಹೊಸ ಗೋದಾಮಿಗೆ ಹೋದರು, ನಾಲ್ಕು ಸಾಲು ಪೇರಿಸುತ್ತಿದ್ದವರು ಎಂಟು ಸಾಲು ಪೇರಿಸಿದರು. ಪ್ಯಾಲೆಟ್ ಇಲ್ಲದೆ, ಸೋರುವ ಗೋಡೆ ಪಕ್ಕ. ಕೆಳಗಿನ ಎರಡು ಸಾಲು ಕುಸಿದವು. ಡಬ್ಬ ಸರಿಯಿಲ್ಲ ಅಂತ ಇಡೀ ಲೋಡು ವಾಪಸ್, ಹಿಂದಿನ ಬಿಲ್ಲುಗಳೂ ಸೇರಿ ಏಳು ತಿಂಗಳು ದುಡ್ಡು ಬರಲಿಲ್ಲ.

ಚಿಕ್ಕಪ್ಪ ವಾಪಸ್ ಬಂದ ಡಬ್ಬಗಳನ್ನೇ ಲ್ಯಾಬಿಗೆ ಕಳಿಸಿ ರಿಪೋರ್ಟ್ ತರಿಸಿದರು. ಬಿಎಫ್ ಕೇಳಿದ್ದಕ್ಕಿಂತ ಹೆಚ್ಚೇ ಇತ್ತು.

"ನೋಡೋ, ಅವರು ಕೇಳಿದ್ದು ಹರಿಯಬಾರದು ಅಂತ. ಹರಿದಿದ್ಯಾ? ಇಲ್ಲ. ಎಂಟು ಸಾಲು ಹೊರಬೇಕು ಅಂತ ಯಾವ ಕಾಗದದಲ್ಲಿ ಬರ್ದಿದಾರೆ ತೋರ್ಸು" ಅಂದರು.

"ಹಾಗಂತ ಅವರಿಗೇ ಹೇಳಿ ಚಿಕ್ಕಪ್ಪ" ಅಂದೆ.

"ಹೇಳ್ದೆ ಕಣೋ. ಈಗ ಇಸಿಟಿ ರಿಪೋರ್ಟ್ ತನ್ನಿ ಅಂತಾರೆ. ಆರ್ಡರ್ ಕೊಡೋವಾಗ ಇಲ್ಲದ ಪದ ದುಡ್ಡು ಕೊಡೋವಾಗ ಎಲ್ಲಿಂದ ಬಂತು?"

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಯೂನಿಟ್ ಟೆಸ್ಟ್ ಎಲ್ಲಾ ಪಾಸ್, ಪ್ರೊಡಕ್ಷನ್ನಿನಲ್ಲಿ ಕ್ರ್ಯಾಶ್. ಕ್ಲೈಂಟ್ ಬರೆದುಕೊಟ್ಟ ಟೆಸ್ಟೇ ಬೇರೆ, ಅವನು ಬಳಸುವ ರೀತಿಯೇ ಬೇರೆ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಹಾಗಾದರೆ ಒಂದು ಮೀಟಿಂಗ್ ಆಗುತ್ತದೆ, ತಿಂಗಳ ಸಂಬಳ ಬರುತ್ತಲೇ ಇರುತ್ತದೆ. ಅಲ್ಲಿ ಹನ್ನೊಂದು ಜನರ ಕೂಲಿ ನಿಂತಿತು. ಕಡೆಗೆ ಮುಕ್ಕಾಲು ಪಾಲು ದುಡ್ಡು ಬಂತು. ಆದರೆ ಸಾಲದ ಬಡ್ಡಿ ಕಟ್ಟಿ ಸುಸ್ತಾಗಿದ್ದ ಚಿಕ್ಕಪ್ಪ 2020ರ ಲಾಕ್‌ಡೌನ್ ಮುಗಿದ ಮೇಲೆ ಯಂತ್ರಗಳನ್ನು ಮಾರಿಬಿಟ್ಟರು.

ಪದ ಯಾರ ಕೈಯಲ್ಲಿದೆ

ಇದು ಡಬ್ಬ ಮಾಡುವವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಹಿಮಾಚಲದ ಸೇಬು ಬೆಳೆಗಾರರನ್ನು ನೋಡಿ. ಹಿಂದೆ ಸೇಬು ಹೋಗುತ್ತಿದ್ದದ್ದು ಮರದ ಪೆಟ್ಟಿಗೆಯಲ್ಲಿ, ಕಾಡು ಉಳಿಯಬೇಕು ಅಂತ ರಟ್ಟಿನ ಡಬ್ಬಕ್ಕೆ ಬಂದರು. ಅಲ್ಲಿ ಬಳಕೆಗೆ ಬಂದದ್ದು ಟೆಲಿಸ್ಕೋಪಿಕ್ ಕಾರ್ಟನ್. ಒಂದು ಡಬ್ಬದ ಮೇಲೆ ಇನ್ನೊಂದು ಡಬ್ಬ ಮುಚ್ಚಳದ ಹಾಗೆ ಜಾರಿ ಕೂರುತ್ತದೆ, ಬೇಕಾದರೆ ಮೇಲಕ್ಕೆ ಎಳೆದು ಇನ್ನೊಂದು ಪದರ ಹಣ್ಣು ತುಂಬಬಹುದು. ಮಾರಾಟ ಮಾತ್ರ ಡಬ್ಬದ ಲೆಕ್ಕದಲ್ಲಿ! ಹೆಚ್ಚು ತುಂಬಿದಷ್ಟೂ ರೈತನಿಗೆ ನಷ್ಟ, ತುಂಬದಿದ್ದರೆ ಕೊಳ್ಳುವವರಿಲ್ಲ. ವರ್ಷಗಟ್ಟಲೆ ಬೆಳೆಗಾರರು ಕೂಗಿದ ಮೇಲೆ 2024ರ ಹಂಗಾಮಿನಿಂದ ಅಲ್ಲಿನ ಸರ್ಕಾರ ಯೂನಿವರ್ಸಲ್ ಕಾರ್ಟನ್ ಕಡ್ಡಾಯ ಮಾಡಿತು. ಒಂದೇ ತುಂಡಿನ ಡಬ್ಬ, ಎಳೆದು ಹಿಗ್ಗಿಸಲು ಆಗುವುದಿಲ್ಲ. ಡಬ್ಬದ ಮಾದರಿಯ ಒಂದು ಹೆಸರು ಬದಲಾದರೆ ರೈತನ ಲೆಕ್ಕವೇ ಬದಲಾಗುತ್ತದೆ.

ಇನ್ನು ಓಸಿಸಿ. ಹಳೆಯ ನೆರಿಗೆ ರಟ್ಟಿನ ಡಬ್ಬಗಳಿಗೆ ವ್ಯಾಪಾರದಲ್ಲಿ ಈ ಹೆಸರು. ಭಾರತದ ಕ್ರಾಫ್ಟ್ ಗಿರಣಿಗಳ ಮುಖ್ಯ ಕಚ್ಚಾವಸ್ತು ರದ್ದಿ. ನಮ್ಮ ಬೀದಿಗಳಲ್ಲಿ ಆಯ್ದದ್ದೂ ಇದೆ, ಅಮೆರಿಕ ಯುರೋಪಿನಿಂದ ಹಡಗಿನಲ್ಲಿ ಬಂದದ್ದೂ ಇದೆ. ಪ್ರತಿ ಸಲ ಕರಗಿಸಿ ಮತ್ತೆ ಕಾಗದ ಮಾಡಿದಾಗ ನಾರು ಚಿಕ್ಕದಾಗುತ್ತದೆ, ಬಲ ತಗ್ಗುತ್ತದೆ. ಹಾಗಾಗಿ ನಡುನಡುವೆ ಹೊಸ ನಾರು ಬೆರೆಯಲೇಬೇಕು. ಅಲ್ಲಿಯ ಉದ್ದ ನಾರು ಇಲ್ಲಿಗೆ ರದ್ದಿಯಾಗಿ ಬಂದು ನಮ್ಮ 18 ಬಿಎಫ್ ಆಗುತ್ತದೆ. ತಲೆಯ ಮೇಲೆ ಮೂಟೆ ಹೊತ್ತು ಡಬ್ಬ ಆಯುವವರಿಗೆ ಓಸಿಸಿ ಅಂದರೆ ಗೊತ್ತಿಲ್ಲ, ಕಿಲೋಗೆ ಎಷ್ಟು ಅನ್ನುವುದು ಗೊತ್ತು. ಅವರು ಅದನ್ನು ರಟ್ಟು ಅಂತಲೇ ಅನ್ನುತ್ತಾರೆ.

ಇಷ್ಟೆಲ್ಲಾ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಡಬ್ಬದ ಬಲವನ್ನು ಯಾವ ಪದದಲ್ಲಿ ಅಳೆಯಬೇಕು ಅಂತ ತೀರ್ಮಾನಿಸಿದವರು ಡಬ್ಬ ಮಾಡಿದವರಲ್ಲ. ಮೊದಲು ರೈಲಿನವರು, ಆಮೇಲೆ ಲಾರಿಯವರು, ಈಗ ದೊಡ್ಡ ಖರೀದಿದಾರರು. ಪ್ರಿಡ್ಹಮ್‌ನಂಥವರು ಅದನ್ನು ಪ್ರಶ್ನಿಸಿ ಗೆದ್ದರು, ಯಾಕೆಂದರೆ ಅವರಿಗೆ ಹೋಗಿ ಕೇಳಲು ಒಂದು ಆಯೋಗ ಇತ್ತು, ಕಾಯಲು ಶಕ್ತಿ ಇತ್ತು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಹತ್ತು ಜನರನ್ನು ಇಟ್ಟುಕೊಂಡು ಯೂನಿಟ್ ನಡೆಸುವವರಿಗೆ ಉಳಿಯುವುದು ಒಂದೇ ರಕ್ಷಣೆ: ಆರ್ಡರಿನ ಮೇಲೆ ಪ್ರತಿಯೊಂದು ಪದವನ್ನೂ ಮೊದಲೇ ಬರೆಸಿಕೊಳ್ಳುವುದು. ಎಷ್ಟು ಸಾಲು ಪೇರಿಸ್ತೀರಿ, ಎಷ್ಟು ದಿನ, ಎಂಥ ಗೋದಾಮು, ಒಳಗಿನ ಅಳತೆಯೋ ಹೊರಗಿನದೋ, ಬಿಎಫ್ ಸಾಕೋ ಇಸಿಟಿ ಬೇಕೋ... ನಿಮ್ಮ ಪರಿಚಯದವರು ಯಾರಾದರೂ ಈ ಧಂಧೆಯಲ್ಲಿದ್ದರೆ ದಯವಿಟ್ಟು ಇದನ್ನು ಅವರಿಗೆ ತಲುಪಿಸಿ.

ಕೊನೆಗೊಂದು ಕೋರಿಕೆ. ಫ್ಲೂಟ್‌ಗೆ ನಾನು ನೆರಿಗೆ ಅಂದಿದ್ದೀನಿ. ಲೈನರಿಗೆ ಹೊದಿಕೆ ಕಾಗದ ಅನ್ನಬಹುದಾ? ಕ್ರೀಸಿಗೆ ಮಡಿಕೆಗೆರೆ? ನಿಮ್ಮೂರಿನ ಕಡೆ ಡಬ್ಬಕ್ಕೆ, ರಟ್ಟಿಗೆ, ಅದರ ಭಾಗಗಳಿಗೆ ಬೇರೆ ಹೆಸರುಗಳಿದ್ದರೆ ತಿಳಿಸಿ. ಪುಸ್ತಕದ ಪದ ಬೇಡ, ಕೆಲಸ ಮಾಡುವವರ ಬಾಯಲ್ಲಿ ಇರುವ ಪದ ಬೇಕು. ಮುಂದಿನ ಸಲ ಡಬ್ಬ ಬಿಚ್ಚಿದಾಗ ಒಂದು ಅಂಚನ್ನು ಹರಿದು ನೆರಿಗೆ ಎಷ್ಟು ದಪ್ಪ ಇದೆ ನೋಡಿ, ಎ ಯೋ ಬಿ ಯೋ ಸಿ ಯೋ ಹೇಳಿ. ಹರಿದ ಡಬ್ಬವನ್ನು ಅಟ್ಟಕ್ಕೆ ಹಾಕಬೇಡಿ, ರದ್ದಿಯವರಿಗೆ ಕೊಡಿ :)